ಹಳೇ ಟ್ರಾಕ್ಟರ್ ಹತ್ತು ನಿಮಿಷ ಉತ್ತು ನಿಂತುಬಿಡುತ್ತೆ, ಯಾಕೆ?

ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಮತ್ತೆ ಓಡುತ್ತೆ ಅಂದಿದ್ದೀರಿ. ಹಾಗಿದ್ದರೆ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ದುಬಾರಿ ಇಂಜೆಕ್ಷನ್ ಪಂಪ್ ಬಿಚ್ಚಿಸುವ ಮುಂಚೆ ಟ್ಯಾಂಕಿನ ಮುಚ್ಚಳ ಸಡಿಲಿಸಿ ಓಡಿಸಿ ನೋಡಿ. ಮುಚ್ಚಳದ ಗಾಳಿತೂತು ಧೂಳಿನಿಂದ ಕಟ್ಟಿಕೊಂಡರೆ ಒಳಗೆ ನಿರ್ವಾತವಾಗಿ ಡೀಸೆಲ್ ಸರಿಯಾಗಿ ಇಳಿಯಲ್ಲ. ಅದೇ ಕಾರಣವಾದರೆ ಒಂದು ಸೂಜಿಯಲ್ಲಿ ಕೆಲಸ ಮುಗಿಯಿತು!

ಇಲ್ಲವಾದರೆ ಫೀಡ್ ಪಂಪಿಗೆ (ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದೆ ಕಳಿಸುವ ಸಣ್ಣ ಪಂಪ್) ಬರುವ ಪೈಪ್ ಬಿಚ್ಚಿ. ಡೀಸೆಲ್ ಧಾರೆಯಾಗಿ ಬರದೆ ತೊಟ್ಟಿಕ್ಕಿದರೆ ಟ್ಯಾಂಕಿನ ತಳದ ಜಾಲರಿಯಲ್ಲೋ ಪೈಪಿನಲ್ಲೋ ತುಕ್ಕು, ಕಸ ಸೇರಿದೆ. ಧಾರೆ ಚೆನ್ನಾಗಿದ್ದರೆ ಫಿಲ್ಟರ್ ಮೇಲೆ ಅನುಮಾನ, ಬದಲಿಸಿ. ಬಿಚ್ಚಿದ ಮೇಲೆ ಡೀಸೆಲ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯಲೇಬೇಕು: ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಫೀಡ್ ಪಂಪನ್ನು ಕೈಯಿಂದ ಒತ್ತಿ, ಬಿಗಿ ಮಾಡಿ. ಇಂಜಿನ್ ಓಡುವಾಗ ಇಂಜೆಕ್ಟರ್ ಪೈಪಿನ ಸೋರಿಕೆಗೆ ಬೆರಳು ಹಿಡಿಯಬೇಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತೆ.