ಚೇತರಿಸಿಕೊಂಡವರು ಇನ್ನೊಬ್ಬರ ಪಕ್ಕ ಕೂರುವ ಕೆಲಸ: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರಿಗೆ

ನಮಸ್ಕಾರ. ನೀವು ಕೇಳಿರುವುದು ಇಷ್ಟು: ಗಂಡನ ಕೆಲಸದಿಂದಾಗಿ ಎಚ್-4 ವೀಸಾದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು ಕೆಲವೇ ತಿಂಗಳಾಗಿದೆ. ಊರಿನಲ್ಲಿದ್ದಾಗ ತೀವ್ರ ಖಿನ್ನತೆಯಿಂದ ಬಳಲಿ, ಚಿಕಿತ್ಸೆ ಪಡೆದು ಚೇತರಿಸಿಕೊಂಡಿದ್ದೀರಿ. ಆ ದಾರಿ ನಡೆದು ಬಂದವರನ್ನೇ ಇಲ್ಲಿ 'ಪೀರ್ ಸಪೋರ್ಟ್' ಕೆಲಸಕ್ಕೆ ತೆಗೆದುಕೊಳ್ಳುತ್ತಾರಂತೆ, ನಾನೂ ಮಾಡಬಹುದೇ, ಎಲ್ಲಿಂದ ಶುರು ಮಾಡಲಿ?

ಖಂಡಿತ ಮಾಡಬಹುದು. ಆದರೆ ಅನುಭವ ಇದ್ದ ಮಾತ್ರಕ್ಕೆ ಈ ಕೆಲಸ ಬರುವುದಿಲ್ಲ. ಆ ಅನುಭವದಲ್ಲಿ ಎಷ್ಟನ್ನು, ಯಾವಾಗ, ಯಾರ ಸಲುವಾಗಿ ಹೇಳಬೇಕು ಅನ್ನುವುದನ್ನು ಬೇರೆಯಾಗಿಯೇ ಕಲಿಯಬೇಕು. ಅದಕ್ಕೂ ಮೊದಲು ವೀಸಾದ ವಿಷಯ ನೋಡಬೇಕು.

ಪೀರ್ ಅಂದರೆ ಡಾಕ್ಟರೂ ಅಲ್ಲ, ಕೌನ್ಸೆಲರೂ ಅಲ್ಲ. ಕಾಯಿಲೆ ಇಂಥದ್ದೆಂದು ಹೇಳುವಂತಿಲ್ಲ, ಮಾತ್ರೆ ಹೆಚ್ಚಿಸಿ ಕಡಿಮೆ ಮಾಡಿ ಅನ್ನುವಂತಿಲ್ಲ. ಎದುರಿಗಿರುವವರು ಹೇಳುವುದನ್ನು ಕೇಳುವುದು, ಅವರು ತಾವೇ ಇಟ್ಟುಕೊಂಡ ಗುರಿಯ ಕಡೆಗೆ ಹೆಜ್ಜೆ ಹಾಕುವಾಗ ಜೊತೆಗಿರುವುದು, ಬೇಕಾದ ಕಚೇರಿ, ಕ್ಲಿನಿಕ್, ಗುಂಪಿನ ದಾರಿ ತೋರಿಸುವುದು, ಇಷ್ಟೇ ಕೆಲಸ. ಇದೇನೂ ಹೊಸ ಯೋಚನೆಯಲ್ಲ. 1790ರ ದಶಕದಲ್ಲೇ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಮೇಲ್ವಿಚಾರಕನಾಗಿದ್ದ ಜಾನ್-ಬಾಪ್ಟಿಸ್ಟ್ ಪುಸ್ಸಾಂ ಗುಣವಾದ ರೋಗಿಗಳನ್ನೇ ವಾರ್ಡಿನ ಕೆಲಸಕ್ಕೆ ಇಟ್ಟುಕೊಂಡಿದ್ದ. ಅವರು ಉಳಿದವರಿಗಿಂತ ಕರುಣೆಯಿಂದ ನಡೆದುಕೊಳ್ಳುತ್ತಾರೆ ಎಂಬುದು ಅಲ್ಲಿ ಕಂಡುಕೊಂಡ ವಿಷಯ. ಅಮೆರಿಕದಲ್ಲಿ ಇದು ಸಂಬಳದ ಕೆಲಸವಾಗಿ ನೆಲೆಯೂರಿದ್ದು 1999ರಲ್ಲಿ ಜಾರ್ಜಿಯಾ ರಾಜ್ಯ, ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ಹಣದಲ್ಲಿ ಈ ಸೇವೆ ಕೊಡಲು ಶುರು ಮಾಡಿದಾಗ. 2007ರಲ್ಲಿ ಕೇಂದ್ರದ ಮೆಡಿಕೇಡ್ ಇಲಾಖೆ ಎಲ್ಲ ರಾಜ್ಯಗಳಿಗೂ ಪತ್ರ ಬರೆದು ಮೂರು ಷರತ್ತು ಹಾಕಿತು: ಮೇಲ್ವಿಚಾರಣೆ ಇರಬೇಕು, ಸೇವೆ ಆ ವ್ಯಕ್ತಿಯ ಒಟ್ಟು ಆರೈಕೆಯ ಯೋಜನೆಯೊಂದಿಗೆ ಹೊಂದಿಕೊಂಡಿರಬೇಕು, ತರಬೇತಿ ಮತ್ತು ಪ್ರಮಾಣಪತ್ರ ಇರಬೇಕು. ಮೊದಲನೆಯ ಷರತ್ತಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಈಗ ವೀಸಾ. ಎಚ್-4ನಲ್ಲಿ ಓದಬಹುದು, ತರಬೇತಿಗೆ ಸೇರಬಹುದು. ದುಡಿಯಲು ವರ್ಕ್ ಪರ್ಮಿಟ್, ಅಂದರೆ ಇಎಡಿ, ಬೇಕು. 2015ರಿಂದ ಎಚ್-4ನವರಿಗೂ ಇಎಡಿ ಸಿಗುತ್ತದೆ. ಸಾಮಾನ್ಯವಾಗಿ ಗಂಡನ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾಗಿರಬೇಕು. ಇಎಡಿ ಬರುವವರೆಗೆ ಸ್ವಯಂಸೇವೆ ಮಾಡೋಣ ಅಂತ ಅನೇಕರು ಹೊರಡುತ್ತಾರೆ, ಎಡವುವುದೂ ಅಲ್ಲೇ. ಸಂಬಳ ಕೊಟ್ಟು ಮಾಡಿಸುವ ಹುದ್ದೆಯ ಕೆಲಸವನ್ನು ಪುಕ್ಕಟೆಯಾಗಿ ಮಾಡಿದರೆ ಅದು ಸ್ವಯಂಸೇವೆ ಅನ್ನಿಸಿಕೊಳ್ಳುವುದಿಲ್ಲ, ಅನುಮತಿಯಿಲ್ಲದ ಉದ್ಯೋಗ ಅಂತ ಲೆಕ್ಕವಾಗಬಹುದು. ಕ್ಲಿನಿಕ್ಕಿನಲ್ಲಿ ಸಂಬಳದ ಪೀರ್ ಪಕ್ಕದಲ್ಲಿ ನೀವು ಅದೇ ಕೆಲಸವನ್ನು ಸಂಬಳವಿಲ್ಲದೆ ಮಾಡುವುದು ಬೇಡ. ಲಾಭರಹಿತ ಸಂಸ್ಥೆಯಲ್ಲಿ, ಮೊದಲಿನಿಂದಲೂ ಸ್ವಯಂಸೇವಕರೇ ನಡೆಸಿಕೊಂಡು ಬಂದಿರುವ ಗುಂಪಾದರೆ ತೊಂದರೆ ಕಡಿಮೆ. ಸ್ಟೈಪೆಂಡ್, ಗಿಫ್ಟ್ ಕಾರ್ಡ್ ಕೊಡುತ್ತೇವೆ ಅಂದರೆ ತೆಗೆದುಕೊಳ್ಳುವ ಮೊದಲು ವಲಸೆ ವಕೀಲರನ್ನು ಕೇಳಿ. ಸಂಸ್ಥೆಯವರಿಗೆ ಈ ನಿಯಮ ಗೊತ್ತಿರುವುದು ಅಪರೂಪ. ಒಳ್ಳೆಯ ಮನಸ್ಸಿನಿಂದಲೇ ತಪ್ಪು ಮಾಡಿಸಿಬಿಡುತ್ತಾರೆ.

ಇನ್ನೊಂದು ಭಯ ನಿಮ್ಮ ಮಾತಿನ ಹಿಂದೆ ಇದ್ದ ಹಾಗಿದೆ: ಕಾಯಿಲೆ ಇತ್ತು ಅಂತ ಹೇಳಿಕೊಂಡರೆ ಗ್ರೀನ್ ಕಾರ್ಡಿಗೆ ಅಡ್ಡಿಯಾಗುತ್ತದೆಯೇ? ಗ್ರೀನ್ ಕಾರ್ಡಿನ ವೈದ್ಯಕೀಯ ಪರೀಕ್ಷೆಯಲ್ಲಿ ಖಿನ್ನತೆ ಇತ್ತು, ಚಿಕಿತ್ಸೆ ಪಡೆದಿದ್ದೆ ಅನ್ನುವುದೇ ಅನರ್ಹತೆಯಲ್ಲ. ಕಾಯಿಲೆಯ ಜೊತೆ ತನಗೋ ಇನ್ನೊಬ್ಬರಿಗೋ ಅಪಾಯ ತರುವ ನಡವಳಿಕೆ ಈಗ ಇದೆಯೇ, ಹಿಂದೆ ಇದ್ದದ್ದು ಮರುಕಳಿಸಬಹುದೇ ಅನ್ನುವುದನ್ನು ಅವರು ನೋಡುತ್ತಾರೆ. ನಿಮ್ಮ ಹಿಂದಿನ ದಿನಗಳಲ್ಲಿ ಅಂಥದ್ದೇನಾದರೂ ಇದ್ದರೆ, ವಿಡಿಯೊದಲ್ಲಿ ಅಥವಾ ವೇದಿಕೆಯಲ್ಲಿ ಹೇಳಿಕೊಳ್ಳುವ ಮೊದಲು ವಕೀಲರ ಬಳಿ ಒಮ್ಮೆ ಮಾತಾಡಿ. ಪೀರ್ ಕೆಲಸಕ್ಕೆ ಅರ್ಜಿ ಹಾಕುವಾಗ 'ಚೇತರಿಕೆಯ ಹಾದಿಯಲ್ಲಿರುವವಳು' ಅಂದರೆ ಸಾಕು. ಕಾಯಿಲೆಯ ಹೆಸರು, ಆಸ್ಪತ್ರೆಯ ಕಾಗದ, ಮಾತ್ರೆಯ ಪಟ್ಟಿ ಯಾವುದನ್ನೂ ಒಪ್ಪಿಸಬೇಕಿಲ್ಲ.

ಪ್ರಮಾಣಪತ್ರ ರಾಜ್ಯಕ್ಕೊಂದು ರೀತಿ. ಕ್ಯಾಲಿಫೋರ್ನಿಯಾದಲ್ಲಿ 2020ರ ಎಸ್‌ಬಿ 803 ಕಾನೂನಿನಿಂದ ಇದು ಬಂತು; ನೋಡಿಕೊಳ್ಳುವ ಸಂಸ್ಥೆಯ ಹೆಸರು ಕ್ಯಾಲ್‌ಎಂಎಚ್‌ಎಸ್‌ಎ. 18 ವರ್ಷ ತುಂಬಿರಬೇಕು, ಹೈಸ್ಕೂಲ್ ಮುಗಿಸಿರಬೇಕು, ಸ್ವಂತ ಚೇತರಿಕೆಯ ಅನುಭವವೋ ಮನೆಯವರನ್ನು ನೋಡಿಕೊಂಡ ಅನುಭವವೋ ಇರಬೇಕು, ಅದನ್ನು ಹಂಚಿಕೊಳ್ಳಲು ಒಪ್ಪಬೇಕು, 80 ಗಂಟೆಯ ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಬೇಕು. ಎರಡು ವರ್ಷಕ್ಕೊಮ್ಮೆ ನವೀಕರಣ. ಮೆಡಿಕೇಡ್‌ಗೆ ಇಲ್ಲಿರುವ ಹೆಸರಾದ ಮೆಡಿ-ಕ್ಯಾಲ್‌ನಲ್ಲಿ, ಒಪ್ಪಿಕೊಂಡ ಕೌಂಟಿಗಳಲ್ಲಿ 2022ರ ಜುಲೈನಿಂದ ಈ ಸೇವೆಗೆ ಹಣ ಸಿಗುತ್ತಿದೆ. ನಿಮ್ಮವರ ಪ್ರಾಜೆಕ್ಟ್ ಬೇರೆ ರಾಜ್ಯಕ್ಕೆ ಹೋಗುವ ಸಾಧ್ಯತೆ ಇದ್ದರೆ ಯೋಚಿಸಿ ಸೇರಿ. ಒಂದು ರಾಜ್ಯದ ಪತ್ರ ಇನ್ನೊಂದರಲ್ಲಿ ತಾನಾಗಿ ನಡೆಯುವುದಿಲ್ಲ. 2023ರಲ್ಲಿ ಮಾನಸಿಕ ಆರೋಗ್ಯ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಸ್ಯಾಮ್ಸಾ ಮಾದರಿ ಮಾನದಂಡ ಹೊರಡಿಸಿ, 40ರಿಂದ 60 ಗಂಟೆ ತರಬೇತಿ ಮತ್ತು ಮೇಲ್ವಿಚಾರಣೆಯಲ್ಲಿ 120 ಗಂಟೆ ಕೆಲಸ ಅಂತ ಸೂಚಿಸಿದೆ. ಅದು ಸಲಹೆ ಮಾತ್ರ, ರಾಜ್ಯಗಳು ತಮ್ಮ ತಮ್ಮ ಲೆಕ್ಕದಲ್ಲೇ ಇವೆ.

ಶುರು ಮಾಡುವುದು ಇದ್ಯಾವುದರಿಂದಲೂ ಅಲ್ಲ. ಮೊದಲು ಒಂದು ಗುಂಪಿನಲ್ಲಿ ಸದಸ್ಯರಾಗಿ ಕೂತುಕೊಳ್ಳಿ. 1979ರಲ್ಲಿ ಹುಟ್ಟಿದ, ಮಾನಸಿಕ ಕಾಯಿಲೆ ಇರುವವರಿಗೂ ಅವರ ಮನೆಯವರಿಗೂ ನೆರವಾಗುವ ನಾಮಿ ಸಂಸ್ಥೆಯ ಶಾಖೆಗಳು 'ಕನೆಕ್ಷನ್' ಎಂಬ ಉಚಿತ ಗುಂಪು ನಡೆಸುತ್ತವೆ, ಒಂದೂವರೆ ಗಂಟೆಯದು. ನಡೆಸುವವರೂ ಕಾಯಿಲೆ ಅನುಭವಿಸಿದವರೇ. ಖಿನ್ನತೆ ಮತ್ತು ಬೈಪೋಲಾರ್ ಇರುವವರಿಗೆ ಡಿಬಿಎಸ್‌ಎ ಗುಂಪುಗಳಿವೆ. ಕನಿಷ್ಠ ಮೂರು ತಿಂಗಳು ಹೋಗಿ. ಬೇರೆಯವರ ನೋವು ಕೇಳಿ ಮನೆಗೆ ಬಂದ ಮೇಲೆ ನಿಮ್ಮ ನಿದ್ದೆ ಏನಾಗುತ್ತದೆ ಅಂತ ನೋಡಿಕೊಳ್ಳಿ. ಒಂದು ರಾತ್ರಿ ಕೆಟ್ಟರೆ ಸಹಜ. ವಾರವಿಡೀ ಕೆಡುತ್ತಿದ್ದರೆ ಇನ್ನೂ ಸ್ವಲ್ಪ ಕಾಲ ಬೇಕು ಅಂತ ಅರ್ಥ. ಚೇತರಿಕೆ ಎಂದರೆ ಮಾತ್ರೆ ನಿಂತಿರಬೇಕು ಅಂತಲ್ಲ. ಮಾತ್ರೆ ತೆಗೆದುಕೊಳ್ಳುತ್ತಲೇ ಈ ಕೆಲಸವನ್ನು ಚೆನ್ನಾಗಿ ಮಾಡುವವರಿದ್ದಾರೆ.

ಈಗ ಮುಖ್ಯ ವಿಷಯ, ಸ್ವಂತ ಕಥೆ ಹೇಳುವುದು. ಹೊಸಬರು ಕೆಡುವುದು ಇಲ್ಲೇ. ಯಾರೋ "ಮಾತ್ರೆ ಶುರು ಮಾಡಿ ಹತ್ತು ದಿನ ಆಯ್ತು, ಏನೂ ಉಪಯೋಗ ಇಲ್ಲ, ಬಿಟ್ಟುಬಿಡ್ತೀನಿ" ಅನ್ನುತ್ತಾರೆ ಅಂತಿಟ್ಟುಕೊಳ್ಳಿ. "ನನಗೂ ಹಾಗೇ ಆಗಿತ್ತು, ಬೆಳಿಗ್ಗೆ ಎದ್ದು ವಾಕ್ ಮಾಡಿ, ಎಲ್ಲ ಸರಿಹೋಗುತ್ತೆ" ಅಂತ ಹೇಳಿದಿರೋ, ಒಂದೇ ಉಸಿರಿನಲ್ಲಿ ಮೂರು ತಪ್ಪು. 'ಹಾಗೇ' ಅಂದಾಗ ಅವರ ನೋವಿನ ಜಾಗದಲ್ಲಿ ನಿಮ್ಮದು ಬಂದು ಕೂತಿತು. ವಾಕ್ ಮಾಡಿ ಅಂದಿದ್ದು ಉಪದೇಶ. ಹಾಸಿಗೆಯಿಂದ ಏಳಲಾಗದವರಿಗೆ ಅದು ಬೈಗುಳದ ಹಾಗೆ ಕೇಳಿಸುತ್ತದೆ. ಸರಿಹೋಗುತ್ತೆ ಅನ್ನುವುದು ನಿಮ್ಮ ಕೈಯಲ್ಲಿಲ್ಲದ ಭರವಸೆ.

ಅದರ ಬದಲು ಮೊದಲು ಕೇಳಿ: "ನನ್ನ ಒಂದು ಅನುಭವ ಹೇಳ್ಲಾ?" ಹೂಂ ಅಂದ ಮೇಲೆ, "ನನಗೂ ಮೊದಲ ಎರಡು ವಾರ ಏನೂ ವ್ಯತ್ಯಾಸ ಕಾಣ್ಲಿಲ್ಲ. ಬಿಟ್ಟುಬಿಡೋಣ ಅನ್ನಿಸ್ತು. ಡಾಕ್ಟರಿಗೆ ಫೋನ್ ಮಾಡಿ ಅದನ್ನೇ ಹೇಳ್ದೆ. ನಿಮ್ಮ ಡಾಕ್ಟರ್ ಹತ್ರ ಈ ಮಾತು ಹೇಗೆ ತೆಗೀಬಹುದು ಅನ್ನಿಸುತ್ತೆ?" ನಾಲ್ಕೇ ಮಾತು. ಆಮೇಲೆ ಮಾತು ಅವರ ಕಡೆ ಹೋಯಿತು. ಖಿನ್ನತೆಯ ಮಾತ್ರೆಗಳು ಪೂರ್ತಿ ಕೆಲಸ ತೋರಿಸಲು ಹಲವು ವಾರ ಬೇಕು, ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರಬಹುದು. ಇದನ್ನು ವಿವರಿಸುವುದು ಡಾಕ್ಟರ ಕೆಲಸ. ಅವರು ಡಾಕ್ಟರಿಗೆ ಫೋನ್ ಮಾಡುವ ಹಾಗೆ ಜೊತೆಗಿರುವುದು ನಿಮ್ಮ ಕೆಲಸ.

ಒಂದು ಗಂಟೆಯ ಮಾತುಕತೆಯಲ್ಲಿ ನಿಮ್ಮ ಕಥೆ ಎರಡು ನಿಮಿಷ ದಾಟದಿರಲಿ. ಕಷ್ಟದ ಭಾಗ ಕಾಲು, ಏನು ಸಹಾಯ ಮಾಡಿತು ಅನ್ನುವುದು ಮುಕ್ಕಾಲು. ಜೀವ ತೆಗೆದುಕೊಳ್ಳುವ ವಿಧಾನ, ಮಾತ್ರೆಯ ಹೆಸರು ಮತ್ತು ಪ್ರಮಾಣ, ಅತ್ತೆ ಮಾವ ಗಂಡನ ತಪ್ಪುಗಳು, ಇವು ಬರಲೇಬಾರದು. ಹೇಳುವಾಗ ಗಂಟಲು ಕಟ್ಟುವ ಘಟನೆ ಇನ್ನೂ ಹಸಿ ಗಾಯ. ಅದನ್ನು ಮೇಲ್ವಿಚಾರಕರ ಬಳಿ, ನಿಮ್ಮ ಕೌನ್ಸೆಲರ್ ಬಳಿ ಹೇಳಿ, ಸಹಾಯ ಬೇಡಿ ಬಂದವರ ಮುಂದೆ ಬೇಡ. ಕಥೆ ಮುಗಿದಾಗ ಅವರೇ ನಿಮ್ಮನ್ನು ಸಮಾಧಾನ ಮಾಡುತ್ತಿದ್ದರೆ ಪಾತ್ರ ತಿರುಗುಮುರುಗಾಯಿತು ಅಂತ ತಿಳಿಯಿರಿ.

ನಮ್ಮವರ ಜೊತೆ ಕೆಲಸ ಮಾಡುವುದು ಒಂದು ರೀತಿ ಸುಲಭ, ಇನ್ನೊಂದು ರೀತಿ ಕಷ್ಟ. ಸುಲಭ ಯಾಕೆಂದರೆ ಕನ್ನಡದವರು 'ಡಿಪ್ರೆಶನ್ ಇದೆ' ಅಂತ ಬಾಯಿಬಿಟ್ಟು ಹೇಳುವುದು ಕಡಿಮೆ. "ಎದೆ ಭಾರ", "ನಿದ್ದೆ ಹತ್ತಲ್ಲ", "ಯಾವುದ್ರಲ್ಲೂ ಮನಸ್ಸಿಲ್ಲ", "ಯಾಕೋ ಸುಸ್ತು" ಅನ್ನುತ್ತಾರೆ. ಇಂಗ್ಲಿಷಿನ ಪ್ರಶ್ನಾವಳಿಯಲ್ಲಿ ತಪ್ಪಿಹೋಗುವ ಈ ಮಾತು ನಿಮ್ಮ ಕಿವಿಗೆ ಬೀಳುತ್ತದೆ. ಕಷ್ಟ ಯಾಕೆಂದರೆ ಊರು ಚಿಕ್ಕದು. ಗುರುವಾರ ನಿಮ್ಮ ಮುಂದೆ ಅತ್ತವರು ಶನಿವಾರ ಕನ್ನಡ ಕೂಟದಲ್ಲಿ ಎದುರಾಗುತ್ತಾರೆ. ಮೊದಲ ಭೇಟಿಯಲ್ಲೇ ಒಪ್ಪಂದ ಮಾಡಿಕೊಳ್ಳಿ: "ಹೊರಗೆ ಸಿಕ್ಕಿದರೆ ನಾನಾಗಿ ಬಂದು ಮಾತಾಡಿಸಲ್ಲ. ನೀವು ಮಾತಾಡಿಸಿದರೆ ಮಾತಾಡ್ತೀನಿ, ನಾವು ಹೇಗೆ ಪರಿಚಯ ಅಂತ ಯಾರಿಗೂ ಹೇಳಲ್ಲ." ಗಂಡನ ಸಹೋದ್ಯೋಗಿಯ ಮನೆಯವರು ಬಂದರೆ ಬೇರೆ ಪೀರ್ ಬಳಿ ಕಳಿಸಿ. ಮನೆಯಲ್ಲಿ ಗಂಡನಿಗೂ ಹೆಸರು ಹೇಳಬೇಡಿ. 'ನಮ್ಮವರಲ್ವಾ' ಅಂತ ಸ್ವಂತ ಫೋನ್ ನಂಬರ್ ಕೊಟ್ಟರೆ ರಾತ್ರಿ ಎರಡಕ್ಕೆ ಕರೆ ಬರುತ್ತದೆ, ನೀವು ಎತ್ತದ ದಿನ ಅವರ ನಂಬಿಕೆ ಮುರಿಯುತ್ತದೆ. ದುಡ್ಡು ಕೊಡುವುದು, ತೆಗೆದುಕೊಳ್ಳುವುದು ಎರಡೂ ಬೇಡ.

ಜೀವದ ಪ್ರಶ್ನೆ ಬಂದಾಗ ಸುತ್ತಿಬಳಸಬೇಡಿ. "ಹಾಗೆಲ್ಲ ಏನೂ ಯೋಚನೆ ಮಾಡ್ತಿಲ್ಲ ತಾನೇ?" ಅಂತ ಕೇಳಿದರೆ ಬರುವ ಉತ್ತರ 'ಇಲ್ಲ' ಒಂದೇ, ಪ್ರಶ್ನೆಯೇ ಅದನ್ನು ಬೇಡುತ್ತದೆ. "ಸಾಯಬೇಕು ಅನ್ನಿಸ್ತಿದೆಯಾ? ಜೀವ ತಕ್ಕೊಳ್ಳೋ ಯೋಚನೆ ಬರ್ತಿದೆಯಾ?" ಅಂತ ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಯಾವಾಗಿನಿಂದ, ಹೇಗೆ ಅಂತ ಯೋಚಿಸಿದ್ದಾರಾ, ಅದಕ್ಕೆ ಬೇಕಾದದ್ದು ಕೈಗೆ ಸಿಗುತ್ತದಾ ಅಂತ ಕೇಳಿ. ಈ ದೇಶದಲ್ಲಿ ಮನೆಯಲ್ಲಿ ಬಂದೂಕು ಇದೆಯಾ ಅನ್ನುವುದನ್ನೂ ಕೇಳಲೇಬೇಕು. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. ಅದೇ ಗಳಿಗೆಯಲ್ಲಿ ಮೇಲ್ವಿಚಾರಕರಿಗೆ ತಿಳಿಸಿ, ಆತ್ಮಹತ್ಯೆ ತಡೆಯುವ ಸಹಾಯವಾಣಿಯಾದ 988ಕ್ಕೆ ಜೊತೆಯಲ್ಲೇ ಕೂತು ಕರೆ ಮಾಡಿ. 2022ರ ಜುಲೈ 16ರಿಂದ ದೇಶಕ್ಕೆಲ್ಲ ಇದೇ ನಂಬರ್. ಇಂಟರ್‌ಪ್ರಿಟರ್ ಕೇಳಬಹುದು, ಆದರೆ ಮೊದಲು ಇಂಗ್ಲಿಷ್ ಮೆನು ಬರುವುದರಿಂದ ಗಾಬರಿಯಲ್ಲಿದ್ದವರು ಫೋನ್ ಇಟ್ಟುಬಿಡುತ್ತಾರೆ, ಅದಕ್ಕೇ ಜೊತೆಗಿರಿ ಅಂದೆ. ಪ್ರಾಣಾಪಾಯ ಕಣ್ಣೆದುರೇ ಇದ್ದರೆ 911; ಇದು ಮಾನಸಿಕ ಆರೋಗ್ಯದ ತುರ್ತು ಅಂತ ಮೊದಲ ವಾಕ್ಯದಲ್ಲೇ ಹೇಳಿ, ಅದಕ್ಕೆ ತರಬೇತಿ ಪಡೆದ ಅಧಿಕಾರಿಯನ್ನು ಕಳಿಸಿ ಅಂತ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ '5150' ಅಂದರೆ ಅಪಾಯದಲ್ಲಿರುವವರನ್ನು ಒಪ್ಪಿಗೆಯಿಲ್ಲದೆಯೂ 72 ಗಂಟೆಯವರೆಗೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವ ಕಾನೂನು. ಇದು ಜೈಲಲ್ಲ, ಅಪರಾಧದ ಕೇಸೂ ಅಲ್ಲ ಅಂತ ಮನೆಯವರಿಗೆ ಕನ್ನಡದಲ್ಲಿ ಹೇಳುವವರು ಬೇಕಾಗುತ್ತದೆ.

ಮೇಲ್ವಿಚಾರಣೆಗೆ ಮತ್ತೆ ಬರುತ್ತೇನೆ ಅಂದಿದ್ದೆ. ಇಎಡಿ ಬಂದು ಸಂದರ್ಶನಕ್ಕೆ ಹೋದಾಗ ನೀವೂ ಪ್ರಶ್ನೆ ಕೇಳಿ: ನನ್ನ ಮೇಲ್ವಿಚಾರಕರು ಯಾರು, ವಾರಕ್ಕೆಷ್ಟು ಹೊತ್ತು ಸಿಗುತ್ತಾರೆ, ಅವರಿಗೆ ಪೀರ್ ಕೆಲಸ ಗೊತ್ತೇ? ತಂಡದಲ್ಲಿ ಇನ್ನೊಬ್ಬ ಪೀರ್ ಇದ್ದಾರೆಯೇ? ಒಬ್ಬರೇ ಪೀರ್ ಇರುವ ಕಡೆ ಕೆಲಸ ಮೆಲ್ಲಗೆ ಸವೆದುಹೋಗುತ್ತದೆ: ಇವತ್ತು ಕಾರಿನಲ್ಲಿ ಬಿಟ್ಟು ಬನ್ನಿ, ನಾಳೆ ಫೈಲು ಜೋಡಿಸಿ, ನಾಡಿದ್ದು ಡಾಕ್ಟರಿಗೆ ಅನುವಾದ ಮಾಡಿ. ಅನುವಾದವಂತೂ ಬೇಡವೇ ಬೇಡ. ಡಾಕ್ಟರ ಕೋಣೆಯಲ್ಲಿ ನೀವು ಇಂಟರ್‌ಪ್ರಿಟರ್ ಆದರೆ ರೋಗಿಯ ಪಕ್ಕದಲ್ಲಿ ಅವರ ಕಡೆಯವರು ಯಾರೂ ಉಳಿಯುವುದಿಲ್ಲ. ದಾಖಲೆ ಬರೆಯುವುದನ್ನೂ ಬೇಗ ಕಲಿಯಿರಿ. ಮೆಡಿಕೇಡ್ ಬಿಲ್ ಎಚ್0038 ಕೋಡಿನಲ್ಲಿ 15 ನಿಮಿಷದ ಲೆಕ್ಕದಲ್ಲಿ ಹೋಗುತ್ತದೆ. ಅವರ ಗುರಿ ಏನು, ಇವತ್ತು ಜೊತೆಯಾಗಿ ಏನು ಮಾಡಿದಿರಿ, ಮುಂದಿನ ಹೆಜ್ಜೆ ಏನು, ಇಷ್ಟು ಬರೆಯಿರಿ. 'ರೋಗಿ ಹಟಮಾರಿ' ಅನ್ನುವಂಥ ತೀರ್ಪು ಬೇಡ, ನಿಮ್ಮ ಸ್ವಂತ ಕಥೆಯ ಒಂದಕ್ಷರವೂ ಬೇಡ. ಆ ದಾಖಲೆ ಅವರದು.

ಕೊನೆಯದಾಗಿ ನಿಮಗಾಗಿ ಒಂದು ಕಾಗದ. 1997ರಲ್ಲಿ ಮೇರಿ ಎಲೆನ್ ಕೋಪ್‌ಲ್ಯಾಂಡ್ ಮತ್ತು ಜೊತೆಗಾರರು ವರ್ಮಾಂಟ್‌ನಲ್ಲಿ ರೂಪಿಸಿದ 'ರ‍್ಯಾಪ್' ಎಂಬ ಯೋಜನೆಯನ್ನು ಇಲ್ಲಿ ಬಹಳ ಕಡೆ ಬಳಸುತ್ತಾರೆ. ಪ್ರತಿದಿನ ನನ್ನನ್ನು ಸರಿಯಾಗಿಡುವುದು ಯಾವುದು, ಯಾವುದು ಕೆಣಕುತ್ತದೆ, ಕೆಡುವ ಮುಂಚಿನ ಸಣ್ಣ ಸೂಚನೆ ಏನು, ಜೋರಾಗಿ ಕೆಟ್ಟರೆ ಏನು ಮಾಡುವುದು, ನಾನೇ ನಿರ್ಧರಿಸಲಾಗದ ಸ್ಥಿತಿ ಬಂದರೆ ಯಾರು ಏನು ಮಾಡಬೇಕು, ಅದು ದಾಟಿದ ಮೇಲೆ ಹೇಗೆ ಮರಳುವುದು, ಇಷ್ಟನ್ನೂ ಮೊದಲೇ ಬರೆದಿಡುವುದು. ಕನ್ನಡದಲ್ಲೇ ಬರೆಯಿರಿ. ಸೂಚನೆಗಳ ಜಾಗದಲ್ಲಿ 'ಬೇಜಾರು' ಅಂತ ಬರೆದರೆ ಪ್ರಯೋಜನವಿಲ್ಲ. 'ಎರಡು ದಿನ ಅಮ್ಮನ ಫೋನ್ ಎತ್ತಲಿಲ್ಲ' ಅನ್ನುವಷ್ಟು ಖಚಿತವಾಗಿರಲಿ. ಒಂದು ಪ್ರತಿ ಗಂಡನ ಕೈಯಲ್ಲಿರಲಿ, ಯಾವ ಸೂಚನೆ ಕಂಡರೆ ಅವರು ನಿಮಗೆ ಏನು ಹೇಳಬೇಕು ಅನ್ನುವುದನ್ನೂ ಅದರಲ್ಲೇ ಸೇರಿಸಿ. ನಾಮಿ ಗುಂಪಿಗೆ ಹೋಗುವ ಮೊದಲ ವಾರದಲ್ಲೇ ಇದನ್ನು ಬರೆಯಲು ಕೂತುಕೊಳ್ಳಿ. ಗುಂಪು ನಡೆಸುವ ತರಬೇತಿಗೆ ಕರೆದಾಗ ಮತ್ತೆ ಬರೆಯಿರಿ. 80 ಗಂಟೆಯ ಕೋರ್ಸ್ ಆಯ್ದುಕೊಳ್ಳುವುದು ಹೇಗೆ ಅಂತ ಆಗ ಮಾತಾಡೋಣ.