ಅಮೆರಿಕದ ವೃತ್ತಿಪರ ಕುಸ್ತಿ ಕಂಪನಿ ಡಬ್ಲ್ಯೂಡಬ್ಲ್ಯೂಇಯ ಇಂಟರ್‌ಕಾಂಟಿನೆಂಟಲ್ ಚಾಂಪಿಯನ್‌ಶಿಪ್ ಶುರುವಾಗಿದ್ದು ಹೇಗೆ? ಅದಕ್ಕೆ ಅಷ್ಟೊಂದು ಗೌರವ ಯಾಕೆ?

ಶುರುವಾಗಿದ್ದೇ ಒಂದು ಕಟ್ಟುಕತೆಯಿಂದ. 1979ರ ಸೆಪ್ಟೆಂಬರ್‌ನಲ್ಲಿ ಪ್ಯಾಟ್ ಪ್ಯಾಟರ್ಸನ್ ಮೊದಲ ಚಾಂಪಿಯನ್ ಆದರು. ಉತ್ತರ ಅಮೆರಿಕ ಪ್ರಶಸ್ತಿ ಆಗಲೇ ಅವರ ಬಳಿ ಇತ್ತು. ರಿಯೊ ಡಿ ಜನೈರೊದ ಟೂರ್ನಿಯಲ್ಲಿ ಗೆದ್ದು ದಕ್ಷಿಣ ಅಮೆರಿಕದ್ದನ್ನೂ ಸೇರಿಸಿಕೊಂಡರು ಎಂದು ಕಂಪನಿ ಸಾರಿತು. ಅಂಥ ಟೂರ್ನಿ ನಡೆದೇ ಇರಲಿಲ್ಲ!

ಗೌರವ ತಂದುಕೊಟ್ಟಿದ್ದು ಮಾತ್ರ ಕಣದೊಳಗಿನ ಆಟವೇ. ಮುಖ್ಯ ಪ್ರಶಸ್ತಿ ಹಲ್ಕ್ ಹೋಗನ್‌ರಂಥ ದೈತ್ಯರ ಸೊಂಟದಲ್ಲಿದ್ದಾಗ, ಪಟ್ಟು ಬಲ್ಲ ಚುರುಕು ಆಟಗಾರರಿಗೆ ಸಿಗುತ್ತಿದ್ದದ್ದು ಈ ಬೆಲ್ಟ್. ಕಂಪನಿಯ ಅತಿದೊಡ್ಡ ವಾರ್ಷಿಕ ಪ್ರದರ್ಶನವಾದ ರೆಸಲ್‌ಮೇನಿಯಾದ ಮೂರನೇ ಆವೃತ್ತಿಯಲ್ಲಿ, 1987ರಲ್ಲಿ, ರಿಕಿ ಸ್ಟೀಮ್‌ಬೋಟ್ ಇದನ್ನು ರ‍್ಯಾಂಡಿ ಸ್ಯಾವೇಜ್‌ರಿಂದ ಕಿತ್ತುಕೊಂಡ ಪಂದ್ಯ ನೋಡಿ. ಈ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂಬುದು ಮೊದಲೇ ನಿಗದಿ; ಸ್ಯಾವೇಜ್ ಅಂತೂ ಒಂದೊಂದು ಪಟ್ಟನ್ನೂ ಮೊದಲೇ ಬರೆದಿಟ್ಟು ಅಭ್ಯಾಸ ಮಾಡಿಸಿದ್ದರು. ಅದೇ ಪ್ರದರ್ಶನದಲ್ಲಿ ಹೋಗನ್ ಮತ್ತು ದೈತ್ಯ ಆಂಡ್ರೆ ನಡುವೆ ನಡೆದ ಮುಖ್ಯ ಪಂದ್ಯಕ್ಕಿಂತ ಇದೇ ಎಷ್ಟೋ ಮೇಲು, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಅದೇ ವರ್ಷ ಸ್ಟೀಮ್‌ಬೋಟ್‌ರನ್ನು ಸೋಲಿಸಿದ ಹಾಂಕಿ ಟಾಂಕ್ ಮ್ಯಾನ್ 454 ದಿನ ಬೆಲ್ಟ್ ಉಳಿಸಿಕೊಂಡರು. 1988ರ ಸಮ್ಮರ್‌ಸ್ಲ್ಯಾಮ್ ಪ್ರದರ್ಶನದಲ್ಲಿ ಅಲ್ಟಿಮೇಟ್ ವಾರಿಯರ್ ಅವರನ್ನು ಸುಮಾರು ಅರ್ಧ ನಿಮಿಷದಲ್ಲಿ ಮುಗಿಸಿದರು.

2002ರಲ್ಲಿ ಪ್ರಶಸ್ತಿಯನ್ನೇ ರದ್ದು ಮಾಡಿ, ಮರುವರ್ಷ ಮತ್ತೆ ತಂದರು. ಹಾಂಕಿಯ 454 ದಿನಗಳ ದಾಖಲೆ ಮುರಿದದ್ದು 2023ರಲ್ಲಿ, ಗುಂಥರ್. ಒಟ್ಟು 666 ದಿನ ಬೆಲ್ಟ್ ಉಳಿಸಿಕೊಂಡು, 2024ರ ರೆಸಲ್‌ಮೇನಿಯಾ 40ರಲ್ಲಿ ಅವರು ಸ್ಯಾಮಿ ಜೇನ್‌ಗೆ ಸೋತರು.