ಓದುಗರ ಪ್ರಶ್ನೆಗೆ ಉತ್ತರ: ಜಪಾನ್ ಖರೇನ ಬಾಗಲಾ ಹಾಕ್ಕೊಂಡು ಕುಂತಿತ್ತೇನ್ರಿ?

ಪ್ರಶ್ನೆ: ನಮ್ಮ ಹುಡುಗ ಜಪಾನಿ ಕಾರ್ಟೂನ್ ನೋಡಿ ನೋಡಿ ದಿನಾ ತಲಿ ತಿಂತಾನ್ರಿ. ಜಪಾನದವ್ರು ಇನ್ನೂರು ವರ್ಷ ಹೊರಗಿನವ್ರನ್ನ ಒಳಗ ಬಿಟ್ಟೇ ಇರಲಿಲ್ಲಂತ, ಖರೇ ಏನ್ರಿ?
– ಒಬ್ಬ ಓದುಗರು, ವಿಜಯಪುರ

ಉತ್ತರ: ಅರ್ಧ ಖರೇ ಅದರಿ. ಪೂರ್ತಿ ಬಂದ್ ಮಾಡಿದ್ರು ಅಂತ ಭಾಳ ಮಂದಿ ತಿಳ್ಕೊಂಡಾರ, ಅದನ್ನ ಬಿಡಿಸಿ ಹೇಳಬೇಕಂತ ನನಗೂ ಭಾಳ ದಿನದಿಂದ ಇತ್ತು. 1543ರಾಗ ಪೋರ್ಚುಗೀಸರು ತಾನೆಗಾಶಿಮಾ ಅನ್ನೂ ದ್ವೀಪಕ್ಕ ಬಂದ್ರು, ಅವ್ರ ಕೈಯಾಗಿನ ಬಂದೂಕು ನೋಡಿ ಜಪಾನಿ ಕಮ್ಮಾರರು ತಾವೇ ಮಾಡೂದು ಕಲ್ತರು, 1575ರ ನಾಗಶಿನೊ ಯುದ್ಧದಾಗ ಒದಾ ನೊಬುನಾಗಾ ಅನ್ನೂ ದೊಡ್ಡ ಸರದಾರ ಅದೇ ಬಂದೂಕು ಹಿಡಿಸಿ ಗೆದ್ದ. ವ್ಯಾಪಾರದ ಬೆನ್ನಿಗೇ ಪಾದ್ರಿಗಳು ಬಂದ್ರು, ದಕ್ಷಿಣದ ಕ್ಯೂಶು ದ್ವೀಪದ ಕಡೆಯ ಕೆಲವು ಸರದಾರರು ಕ್ರಿಶ್ಚಿಯನ್ ಆದ್ರು. ಆಮ್ಯಾಲ 1600ರಾಗ ಸೆಕಿಗಹರಾ ಯುದ್ಧ ಗೆದ್ದು 1603ರಾಗ ಶೋಗನ್, ಅಂದ್ರ ದೇಶ ಆಳೂ ಸೇನಾಧಿಪತಿ, ಆದ ತೊಕುಗಾವಾ ಇಯೆಯಾಸು ಮತ್ತ ಅವನ ಮಕ್ಕಳು ಮೊಮ್ಮಕ್ಕಳಿಗೆ ಇದೇ ಚಿಂತಿ ಆತು: ದೂರದ ಸರದಾರರು ಹೊರಗಿನವ್ರ ಕೂಡ ನೇರ ವ್ಯಾಪಾರ ಮಾಡಿ ರೊಕ್ಕಾ, ಬಂದೂಕು ಗಳಿಸಿದ್ರ ನಮ್ಮ ಗಾದಿ ಉಳೀತದೇನು ಅಂತ.

ಹಿಂಗಾಗಿ 1614ರಾಗ ದೇಶದ ತುಂಬ ಕ್ರಿಶ್ಚಿಯನ್ ಧರ್ಮಕ್ಕ ನಿಷೇಧ, 1635ರಾಗ ಜಪಾನದವ್ರು ಹೊರದೇಶಕ್ಕ ಹೋಗೂದೂ ಬಂದ್, ಹೋದವ್ರು ತಿರುಗಿ ಬರೂದೂ ಬಂದ್. 1637ರಾಗ ಶಿಮಾಬಾರಾ ಅನ್ನೂ ಊರ ಕಡೆ ಕಂದಾಯದ ಕಾಟಕ್ಕ ಬೇಸತ್ತ ರೈತರು ಬಂಡೆದ್ರು, ಅವರಾಗ ಭಾಳ ಮಂದಿ ಕ್ರಿಶ್ಚಿಯನ್ನರೇ ಇದ್ದರು, ಅದನ್ನ ರಕ್ತದಾಗ ಮುಗಿಸಿ 1639ರಾಗ ಪೋರ್ಚುಗೀಸರನ್ನ ಹೊರಗ ಹಾಕಿದ್ರು.

ಆದ್ರ ವ್ಯಾಪಾರ ನಿಂತಿರಲಿಲ್ಲ, ಇದನ್ನ ನಿಮ್ಮ ಹುಡುಗಗ ಮರೀದಂಗ ಹೇಳ್ರಿ. ನಾಗಾಸಾಕಿಗೆ ಚೀನಾದ ಹಡಗು ಬರ್ತಿದ್ವು, ತ್ಸುಶಿಮಾ ದ್ವೀಪದ ಸರದಾರರ ಕೈಲೆ ಕೊರಿಯಾ ಕೂಡ ವ್ಯವಹಾರ, ದಕ್ಷಿಣದ ಸತ್ಸುಮಾ ಸೀಮಿಯವ್ರ ಕೈಲೆ ಈಗಿನ ಒಕಿನಾವಾದಾಗಿದ್ದ ರ‍್ಯೂಕ್ಯೂ ರಾಜ್ಯದ ಕೂಡ, ಉತ್ತರಕ್ಕ ಮತ್ಸುಮಾಯೆ ಸೀಮಿಯವ್ರ ಕೈಲೆ ಅಲ್ಲಿನ ಮೂಲನಿವಾಸಿ ಐನು ಜನರ ಕೂಡ. ಡಚ್ಚರನ್ನ 1641ರಾಗ ನಾಗಾಸಾಕಿ ಬಂದರದಾಗ ಮಣ್ಣು ತುಂಬಿ ಕಟ್ಟಿದ ದೆಜಿಮಾ ಅನ್ನೂ ಸಣ್ಣ ನಡುಗಡ್ಡಿಯೊಳಗ ಇಟ್ಟರು. ಅದೇ ಡಚ್ ಕಂಪನಿ ಅದೇ ಕಾಲಕ್ಕ ನಮ್ಮ ಆದಿಲಶಾಹಿಯವ್ರ ಪರವಾನಿಗಿ ತಗೊಂಡು ವೆಂಗುರ್ಲಾದಾಗ ಕೋಠಿ ಇಟ್ಟಿತ್ತು, ಇಲ್ಲೆ ಮಹಮ್ಮದ್ ಆದಿಲಶಾಹ ಗೋಳಗುಮ್ಮಟ ಕಟ್ಟಸಾಕತ್ತಿದ್ದ ಕಾಲ ಅದು. ಜಪಾನದ ತಾಮ್ರ ಡಚ್ಚರ ಹಡಗಿನಾಗ ಭಾರತಕ್ಕ ಬಂದು ಮಾರಾಟ ಆಗ್ತಿತ್ತು, ನಮ್ಮ ದೇಶದ ಬಣ್ಣದ ಹತ್ತಿ ಅರಬಿ ಅಲ್ಲಿಗೆ ಹೋಗಿ ಚಹಾ ಕೂಟದ ರಸಿಕರ ಕೈಯಾಗ ಸಣ್ಣ ಸಣ್ಣ ಚೀಲ ಆಗ್ತಿತ್ತು. ಇಂಥಾ ದೇಶಕ್ಕ ಬಾಗಲಾ ಹಾಕಿತ್ತು ಅನ್ನಾಕ ನನಗ ಮನಸ್ಸು ಒಪ್ಪೂದಿಲ್ಲ. ಯಾರು ಬರಬೇಕು, ಎಲ್ಲಿ ಇಳೀಬೇಕು ಅನ್ನೂದನ್ನ ಶೋಗನ್ ತನ್ನ ಮುಷ್ಟಿಯೊಳಗ ಹಿಡಿದಿದ್ದ, ಅಷ್ಟ.

ಪ್ರಶ್ನೆ: ನಾವು ಬೆಳಗಾವಿಯವ್ರು ವರ್ಷಾ ಗೋವಾಕ್ಕ ಹೋಗ್ತೀವಿ. ಹಳೇ ಗೋವಾ ಚರ್ಚಿನಾಗ ಸಂತ ಝೇವಿಯರ್ ದೇಹ ಐತಿ, ಅವ್ರು ಜಪಾನಕ್ಕ ಹೋಗಿದ್ರಂತ ಗೈಡ್ ಹೇಳಿದ. ಹೌದೇನ್ರಿ?
– ಒಬ್ಬ ಓದುಗರು, ಬೆಳಗಾವಿ

ಉತ್ತರ: ಹೌದ್ರಿ, 1549ರಾಗ ಕಾಗೋಶಿಮಾದಾಗ ಇಳದ್ರು. ಅವ್ರ ಜೋಡಿ ಅಂಜಿರೋ ಅನ್ನೂ ಜಪಾನಿ ಇದ್ದ, ಅವ ಅದಕ್ಕೂ ಮೊದಲ 1548ರಾಗ ಗೋವಾಕ್ಕ ಬಂದು ಅಲ್ಲೇ ದೀಕ್ಷಾ ತಗೊಂಡಿದ್ದ. ಮುಂದ 1582ರಾಗ ನಾಕು ಮಂದಿ ಜಪಾನಿ ಹುಡುಗರು ನಾಗಾಸಾಕಿ ಬಿಟ್ಟು ಗೋವಾ ಹಾದು ರೋಮಿನ ಪೋಪರ ತನಕ ಹೋದ್ರು, 1590ರಾಗ ಮತ್ತ ಊರಿಗೆ ಮುಟ್ಟಿದಾಗ ಒಂದು ಅಚ್ಚಿನ ಮಶೀನ್ ಸುದ್ದಾ ತಂದಿದ್ರು. ಅಷ್ಟೊತ್ತಿಗೆ ನೊಬುನಾಗಾನ ನಂತರ ಜಪಾನ ಆಳತಿದ್ದ ಹಿದೆಯೋಶಿ 1587ರಾಗೇ ಪಾದ್ರಿಗಳು ದೇಶ ಬಿಡಬೇಕಂತ ಹುಕುಂ ಮಾಡಿಬಿಟ್ಟಿದ್ದ. ಆ ನಾಕು ಮಂದಿಯೊಳಗ ಒಬ್ಬವ ಆಮ್ಯಾಲ ಧರ್ಮಾನೇ ಬಿಟ್ಟ, ಇನ್ನೊಬ್ಬವ, ಜೂಲಿಯನ್ ನಾಕಾಉರಾ, ಬಿಡೂದಿಲ್ಲಂದ, 1633ರಾಗ ನಾಗಾಸಾಕಿಯೊಳಗ ತಲಿಕೆಳಗ ಮಾಡಿ ತಗ್ಗಿನಾಗ ಜೋತುಹಾಕಿ ಕೊಂದ್ರು. ರೋಮ್ ನೋಡಿ ಬಂದ ಹುಡುಗನ ಬಾಳೆ ಹಿಂಗ ಮುಗೀತು ಅಂತ ಓದಿದಾಗ ನನಗ ಭಾಳ ಸಂಕಟ ಆತರಿ, ಮುಂದಿನ ಸಲ ಗೋವಾಕ್ಕ ಹೋದಾಗ ಝೇವಿಯರ್ ಕೂಡ ಆ ಹುಡುಗರನ್ನೂ ನೆನಸ್ರಿ.

ಪ್ರಶ್ನೆ: ಜಪಾನದ ಸಾಮುರಾಯಿ ಸಿಪಾಯಿಗಳಿಗೆ ಪಗಾರ ಅಕ್ಕಿಯೊಳಗ ಕೊಡ್ತಿದ್ರಂತಲ್ಲ, ಹೆಂಗ ನಡೀತಿತ್ತು?
– ಅಡತಿ ಅಂಗಡಿಯ ಓದುಗರು, ಬಾಗಲಕೋಟ

ಉತ್ತರ: ಕೊಕು ಅನ್ನೂ ಅಳತಿಯೊಳಗರಿ. ಒಂದು ಕೊಕು ಅಂದ್ರ ಸುಮಾರು 180 ಲೀಟರ್ ಅಕ್ಕಿ, ಒಬ್ಬ ಮನಷ್ಯಾಗ ವರ್ಷದ ಊಟಕ್ಕ ಸಾಕು ಅಂತ ಲೆಕ್ಕ. 10,000 ಕೊಕು ಇಲ್ಲಾ ಅದಕ್ಕೂ ಹೆಚ್ಚು ಬೆಳೀಯೂ ಸೀಮಿ ಇದ್ದ ಸರದಾರರಿಗೆ ದೈಮ್ಯೋ ಅಂತಿದ್ರು. ಎದೋ (ಈಗಿನ ಟೋಕಿಯೊ) ಪಟ್ಟಣದಾಗ ಶೋಗನ್ನನ ಸಾಮುರಾಯಿಗಳು ತಮ್ಮ ಅಕ್ಕಿ ಮಾರಾಕ ದಲಾಲರನ್ನ ಹಿಡೀತಿದ್ರು, ಅವ್ರು ನಿಮ್ಮ ಅಡತಿಯವ್ರಂಗ ಮಾಲೂ ಮಾರ್ತಿದ್ರು, ಮುಂದಿನ ಅಕ್ಕಿ ಮ್ಯಾಲ ಉಚಲೂ ಕೊಡ್ತಿದ್ರು. ಒಸಾಕಾದ ದೊಜಿಮಾ ಪ್ಯಾಟಿಯೊಳಗಂತೂ 1730ರಾಗ ಸರಕಾರದ ಒಪ್ಪಿಗಿ ತಗೊಂಡು ಮುಂದಿನ ಅಕ್ಕಿಯ ವಾಯಿದೆ ವ್ಯಾಪಾರ ಸುರು ಆತು. ಕತ್ತಿ ಕಟ್ಟಿದವ್ರು ಸಾಲದಾಗ ಮುಳುಗಿದ್ರು, 1789ರಾಗ ಸರಕಾರ ಅವ್ರ ಹಳೇ ಸಾಲ ಮನ್ನಾ ಮಾಡ್ತು, ದಲಾಲರು ಹೊಸಾ ಸಾಲ ಕೊಡೂದೇ ನಿಲ್ಲಿಸಿಬಿಟ್ಟರು.